ಹಿಂದಿನ ಕನ್ನಡಿ

ಎರಡು ಸಾವಿರದ ಆರುನೂರ ನಲವತ್ತು.
ಮೆಣಸಿನಕಾಯಿ ಚೀಲದ ಲೆಕ್ಕ ಅಲ್ಲ ಇದು,
ನನ್ನ ಹಿಂದಲಿಯಿಂದ ಕಿತ್ತು ಮುಂದ ಹಚ್ಚಿದ ಕೂದಲಿನ ಬೇರು.
ಹುಬ್ಬಳ್ಳಿ ವಿದ್ಯಾನಗರದಾಗ, ಔಷಧ ಅಂಗಡಿ ಮ್ಯಾಲಿನ ಅಂತಸ್ತಿನಾಗ
ಬೋರಲ ಮಲಗಿಸಿ ಒಂದೊಂದ ಎಣಿಸಿದರು.
ನಾನೂ ಎಣಿಸಿದೆ. ಗುಮಾಸ್ತ ನೋಡ್ರಿ,
ಹತ್ತೊಂಬತ್ತು ವರ್ಷ ಬ್ಯಾಡಗಿ ದಲಾಲಿ ಅಂಗಡ್ಯಾಗ
ಮಂದಿ ಎಣಿಸಿದ್ದನ್ನ ತಿರುಗಿ ಎಣಿಸೋದ ನನ್ನ ಉದ್ಯೋಗ.
ಸಾವಿರದ ನೂರರ ಸುಮಾರಿಗೆ ನಿದ್ದಿ ಹತ್ತಿತು.

ಹದಿನೈದು ದಿನ ಧೂಳಾಗ ಹೋಗಬ್ಯಾಡ್ರಿ, ಅಂದ ಡಾಕ್ಟರ.
ಬ್ಯಾಡಗ್ಯಾವಗ!
ಅದೂ ಫೆಬ್ರುವರಿಯಾಗ,
ಪ್ಯಾಟಿ ಅಂಗಳ ತುಂಬ ಕೆಂಪು ರಾಶಿ ಬಿದ್ದಾಗ,
ಊರಾಗ ಕೆಮ್ಮಲಾರದ ಮನಷ್ಯಾ ಇಲ್ಲದಾಗ.
ಅವ್ವನ ಹಳೇ ವಾಯಲ್ ಸೀರಿ ತಲಿಗೆ ಸುತಗೊಂಡು
ಒಳಗಿನ ಖೋಲ್ಯಾಗ ಕುಂತು ಪಟ್ಟಿ ಬರದೆ.
ಹಮಾಲ ಇಮಾಮಸಾಬ ಬಾಗಲದಾಗ ನಿಂತು ಕೇಳಿದ,
'ಏನಾತ್ರಿ ಗುಮಾಸ್ತರ, ಹೊಲಿಗಿ ಬಿದ್ದಾವೇನು?'
ಬೈಕ್ ಜಾರಿತು, ಅಂದೆ.
ಸಂಜಿಗೆ ಹೆಂಡತಿ ಕೈಲೆ ಅರಿಷಿಣಾ ಹಾಕಿ ಕುದಿಸಿದ ಎಣ್ಣಿ ತಂದುಕೊಟ್ಟ.
ಆ ಬಾಟ್ಲಿ ಇನ್ನೂ ಐತಿ ಮಾಡದಾಗ.
ಸುಳ್ಳಿಗೆ ಸಿಕ್ಕ ಎಣ್ಣಿ. ಹಚ್ಚಿಕೊಳ್ಳಾಕ ಮನಸ್ಸಿಲ್ಲ,
ಚೆಲ್ಲಾಕ ಧೈರ್ಯಿಲ್ಲ.

ಮೂರು ವಾರಕ್ಕ ಎಲ್ಲಾ ಉದುರಿದವು.
ಉದುರತಾವ, ಮತ್ತ ಬರತಾವ, ಅಂದಿದ್ದರು.
ಬಂದವು ಖರೇನ.
ಒಂದ ವರ್ಷ ಕಿಸೆದಾಗ ಹಣಗಿ ಇಟ್ಟಿದ್ದೆ.
ಮೋಟೆಬೆನ್ನೂರಿನ ಮದವ್ಯಾಗ, ಫೋಟೋದವ ಕರಿಯೋದರೊಳಗ
ಮುಂದಿನ ಸಾಲಿಗೆ ಹೋಗಿ ನಿಂತೆ.
ಬೀಗರ ಪೈಕಿ ಯಾರೋ ನನ್ನ ತಮ್ಮಗ, ನಿಮ್ಮ ಅಣ್ಣ ಅಲ್ರಿ,
ನಿಮ್ಮ ತಮ್ಮ ಇರಬೇಕು ಇವರು, ಅಂದರಂತ.
ಆ ಮಾತು ನಾ ಎರಡ ಸಲ ಹೇಳಿಸಿಕೊಂಡೆ.

ಈಗ ಆಗೇದ ಏನಪಾ ಅಂದರ,
ಹಚ್ಚಿದ್ದು ನಿಂತೈತಿ, ಹುಟ್ಟಿದ್ದು ಹೊಂಟೈತಿ.
ಒಡ್ಡಿನ ಮ್ಯಾಲ ಹುಲ್ಲು, ಹಿಂದ ಹೊಲಾ ಬರೇ.
ಡಾಕ್ಟರ ಫೋನಿನಾಗ ಹೇಳಿದ:
ನಾವು ಹಾಕಿದ್ದಕ್ಕ ನಮ್ಮ ಜವಾಬ್ದಾರಿ,
ನಿಮ್ಮದು ನಿಮ್ಮದು.
ತಪ್ಪಲ್ಲ ಅವನ ಲೆಕ್ಕ. ಎಷ್ಟ ಸಲ ಕೂಡಿಸಿದರೂ ತಾಳೆ ಬೀಳತೈತಿ.

ಮನ್ಯಾಗ ಕಸ್ತೂರಿ
ನಾ ಹಲ್ಲು ತಿಕ್ಕಿ ಬರೋದರಾಗ ತಲಿದಿಂಬಿನ ಗಲೀಫು ಬದಲಿ ಮಾಡಿರತಾಳ, ದಿನಾ.
ಯಾಕ ಅಂದರ, ಎಣ್ಣಿ ಜಿಡ್ಡು ಅಂತಾಳ.
ಎಣ್ಣಿ ನಾ ಬಿಟ್ಟ ಎಂಟು ತಿಂಗಳಾತು.
ಚೀಟಿ ರೊಕ್ಕ ಅಕಿದು. ಎರಡು ಪಾಟಲಿ ಮಾಡಿಸೋದಿತ್ತು.
ಅದರ ಸುದ್ದಿ ಒಂದ ದಿನಾ ತಗದಿಲ್ಲ.
ತಗದಿದ್ದರ ಜಗಳಾರ ಆಡತಿದ್ದೆ.

ಗುರುಸಿದ್ದಪ್ಪ ಹಡಪದಂದು ಹಳೇ ಬಸ್‌ಸ್ಟ್ಯಾಂಡ್ ಮಗ್ಗಲ ಅಂಗಡಿ.
ಕಟಿಂಗ್ ಮುಗಿದ ಮ್ಯಾಲ ಸಣ್ಣ ಕನ್ನಡಿ ಹಿಂದ ಹಿಡದು
'ಸಾಕೇನ್ರಿ?' ಅನ್ನೋದು ಅವನ ರೂಢಿ.
ಹಿಂದಲಿಯಾಗ ಗಸಗಸಿ ಚೆಲ್ಲಿದಂಗ ಬಿಳೇ ಚುಕ್ಕಿ,
ಎಲ್ಲಾರಕಿಂತ ಮೊದಲ ಕಂಡಾವ ಅವನ.
ಏನಂತ ಕೇಳಲಿಲ್ಲ.
'ಡಬ್ಬಿ ರೇಟ್ ಎಷ್ಟಾತ್ರಿ?' ಅಂದ,
ಅವತ್ತಿನಿಂದ ಹಿಂದಿನ ಕನ್ನಡಿ ಹಿಡಿಯೋದ ಬಿಟ್ಟ.

ಹ್ವಾದ ಆಯಿತವಾರ ನಾನ ಕೇಳಿದೆ.
ಸಿದ್ದಪ್ಪ, ಕನ್ನಡಿ ತೋರಸೋ.
ಕತ್ರಿ ನಿಂತಿತು.
'ಒಡದೈತ್ರಿ' ಅಂದ.
ಅವನ ಬೆನ್ನ ಹಿಂದ ಮೊಳಿಗೆ ಅದು ಜೋತಾಡತಿತ್ತು,
ಮುಂದಿನ ದೊಡ್ಡ ಕನ್ನಡ್ಯಾಗ ನನಗ ಸಾಫ್ ಕಾಣತಿತ್ತು.
ಅದರೊಳಗ, ಅಂಗೈಯಷ್ಟು ಬೆಳಕಿನಾಗ,
ಯಾರದೋ ನೆತ್ತಿ.
ಗುರುತು ಹತ್ತಾಕ ಚೂರು ಹೊತ್ತು ಹಿಡೀತು.

ಹೊಸಾದು ತರಸು ಮಾರಾಯಾ, ಅಂದೆ.
'ತರಸ್ತೀನ್ರಿ' ಅಂದ,
ಕೊಳ್ಳಾಗಿನ ಬಟ್ಟಿ ಬಿಚ್ಚಿ
ನನ್ನ ಕಡೆ ಅಲ್ಲ, ಬಾಗಲ ಕಡೆ ಝಾಡಿಸಿದ.
ಎಂಬತ್ತು ರೂಪಾಯಿ.
ನೂರು ಕೊಟ್ಟೆ, ಚಿಲ್ರಿ ಕೊಟ್ಟ.
ನಾ ಎಣಿಸದ ಕಿಸೆದಾಗ ಹಾಕಿದೆ.
'ಡಬ್ಬಿ ರೇಟ್ ಎಷ್ಟಾತ್ರಿ ಈಗ?'